ರತ್ನತ್ತೆಗೆ ಕೊಟ್ಟ ಹಾಡು

ನಾನು ಸಣ್ಣವಳಿದ್ದಾಗ ಕಾಫಿ ಕೊಯ್ಲಿನ ತೋಟದಲ್ಲಿ ಬಾಯಿ ಮುಚ್ಚಿಕೊಂಡು ಕೆಲಸ ಮಾಡುವವರು ಯಾರೂ ಇರಲಿಲ್ಲ. ಮಾತು ಖಾಲಿಯಾದರೆ ಹಾಡು, ಹಾಡು ಖಾಲಿಯಾದರೆ ಜಗಳ, ಜಗಳ ಮುಗಿದರೆ ಮತ್ತೆ ಹಾಡು. ನಮ್ಮದು ಗೋಣಿಬೀಡಿನಿಂದ ಒಳಗೆ ನಡೆದು ಹೋಗಬೇಕಾದ ಎಸ್ಟೇಟು. ನಮ್ಮದು ಅಂದರೆ ನಮ್ಮದಲ್ಲ. ಅಪ್ಪಯ್ಯ ಅಲ್ಲಿ ಮೇಸ್ತ್ರಿ. ಬೆಳಿಗ್ಗೆ ಆಳುಗಳನ್ನು ಸಾಲಿಗೆ ಹಚ್ಚುವುದು, ದಿನವೆಲ್ಲ ಹಿಂದೆ ನಿಂತು ಕೂಗುವುದು, ಸಂಜೆ ಹಣ್ಣು ಅಳೆಸುವುದು ಅವನ ಕೆಲಸ. ಆಳುಗಳ ಲೈನು ಮನೆಗಳಿಗಿಂತ ಸ್ವಲ್ಪ ಮೇಲೆ ನಮಗೊಂದು ಹೆಂಚಿನ ಮನೆ ಕೊಟ್ಟಿದ್ದರು. ಕೊಯ್ಲಿನ ದಿನಗಳಲ್ಲಿ ಆ ಮನೆಗೆಲ್ಲ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಕಡೆಯ ಹುಳಿ ವಾಸನೆ. ಅನ್ನ ಉಣ್ಣುವಾಗಲೂ ಅದೇ ವಾಸನೆ, ತಲೆ ಬಾಚುವಾಗಲೂ ಅದೇ. ಕೊಯ್ಲು ಮುಗಿದು ಆ ವಾಸನೆ ಹೋದಾಗ ಮನೆಯಲ್ಲಿ ಏನೋ ಕಳೆದುಹೋದ ಹಾಗೆ ಆಗುತ್ತಿತ್ತು.

ಕೊಯ್ಲಿಗೆ ಜನ ಎಲ್ಲೆಲ್ಲಿಂದಲೋ ಬರುತ್ತಿದ್ದರು. ಘಟ್ಟದ ಕೆಳಗಿನ ತುಳು ಮಾತಿನವರು, ಕಡೂರು ಕಡೆಯ ಬಯಲಿನವರು, ಸೇಲಂ ಕಡೆಯ ತಮಿಳರು. ಒಬ್ಬರ ಮಾತು ಒಬ್ಬರಿಗೆ ಸರಿಯಾಗಿ ಬರುತ್ತಿರಲಿಲ್ಲ. ಅಪ್ಪಯ್ಯ ಒಂದೊಂದು ಗುಂಪನ್ನು ಒಂದೊಂದು ಕಡೆಗೆ ಹಚ್ಚುತ್ತಿದ್ದ. ಹೀಗಾಗಿ ಒಂದು ಸಾಲಿನಲ್ಲಿ ತುಳು ಹಾಡು, ನಾಲ್ಕು ಗಿಡ ದಾಟಿದರೆ ಸೋಬಾನೆ, ಕೆಳಗೆ ಹಳ್ಳದ ಹತ್ತಿರ ತಮಿಳು.

ನಾನು ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟಿದ್ದೆ. ಬಿಡಿಸಿದರು ಅನ್ನುವುದೇ ಸರಿ. ಕೊಯ್ಲಿನಲ್ಲಿ ನಮ್ಮಂಥ ಮಕ್ಕಳಿಗೆ ಉದುರು ಹಣ್ಣು ಆರಿಸುವ ಕೆಲಸ. ಹೆಂಗಸರು ಸೊಂಟಕ್ಕೆ ಬುಟ್ಟಿ ಕಟ್ಟಿಕೊಂಡು ಕೊಂಬೆ ಬಗ್ಗಿಸಿ ಕೊಯ್ಯುವಾಗ ಕೆಳಗೆ ಬಿದ್ದ ಹಣ್ಣನ್ನು ನಾವು ಗಿಡದ ಬುಡಕ್ಕೆ ನುಗ್ಗಿ ತರಗೆಲೆಯಿಂದ ಹೆಕ್ಕಬೇಕು. ಹೆಕ್ಕುವಾಗ ಒಂದೆರಡು ಹಣ್ಣು ಬಾಯಿಗೂ ಹೋಗುತ್ತಿತ್ತು, ಸಿಪ್ಪೆಯ ಒಳಗೆ ಸಿಹಿ ಲೋಳೆ ಇರುತ್ತದೆ. ಇರುವೆ ಕಚ್ಚುತ್ತಿತ್ತು. ಗಿಡದ ಬುಡದಲ್ಲಿ ಕೂತವಳಿಗೆ ಹಾಡುವವರ ಮುಖ ಕಾಣುವುದಿಲ್ಲ, ಕಾಲು ಕಾಣುತ್ತದೆ. ಹಾಡುಗಳಿಗೆ ನಾನು ಕಾಲಿನ ಮೇಲೆಯೇ ಹೆಸರಿಟ್ಟಿದ್ದೆ. ಕಾಲುಂಗುರದ ಹಾಡು. ಒಡೆದ ಹಿಮ್ಮಡಿಯ ಹಾಡು. ಕುಂಟುವವಳ ಹಾಡು.

ಹಾಡಿನ ಹುಚ್ಚಿ ಎಂದು ಬೇರೆಯವರು ನನ್ನನ್ನು ಕರೆಯುವ ಮೊದಲೇ ನಾನೇ ಹೇಳಿಕೊಂಡು ತಿರುಗುತ್ತಿದ್ದೆ. ಬೇರೆ ಮಕ್ಕಳು ಮಧ್ಯಾಹ್ನ ಬುತ್ತಿ ಉಂಡ ಮೇಲೆ ಕುಂಟೆಬಿಲ್ಲೆ ಆಡಿದರೆ ನಾನು ಆ ಸಾಲಿನಿಂದ ಈ ಸಾಲಿಗೆ ಹಾಡು ಹುಡುಕಿಕೊಂಡು ಹೋಗುತ್ತಿದ್ದೆ. ನನಗೆ ಧ್ವನಿ ಇರಲಿಲ್ಲ, ಈಗಲೂ ಇಲ್ಲ, ಕಾಗೆಗಿಂತ ಒಂದು ಮೆಟ್ಟಿಲು ಮೇಲೆ ಅಷ್ಟೆ. ಆದರೆ ಒಮ್ಮೆ ಕೇಳಿದ್ದು ತಲೆಯಲ್ಲಿ ಹಾಗೇ ಕೂರುತ್ತಿತ್ತು. ಭಾಷೆ ಗೊತ್ತಿಲ್ಲದಿದ್ದರೂ ಕೂರುತ್ತಿತ್ತು. ಯಾವ ಹಾಡು ಹೆಚ್ಚು, ಯಾವುದು ಕಡಿಮೆ, ಯಾವುದು ಇನ್ನೊಂದರಿಂದ ಕದ್ದದ್ದು, ಎಲ್ಲದಕ್ಕೂ ನನ್ನದೊಂದು ತೀರ್ಪು ಇರುತ್ತಿತ್ತು. ಗೋಣಿಬೀಡಿನ ಹೋಟೆಲಿನ ರೇಡಿಯೋದಲ್ಲಿ ಬರುವ ಸಿನಿಮಾ ಹಾಡುಗಳನ್ನೂ ಬಿಡುತ್ತಿರಲಿಲ್ಲ. ಅಪ್ಪಯ್ಯನ ಜೊತೆ ಪೇಟೆಗೆ ಹೋದರೆ ಆ ಹೋಟೆಲಿನ ಎದುರು ಕಾಲು ನೋವು ಎಂದು ಕೂತುಬಿಡುತ್ತಿದ್ದೆ.

ಹಾಡು ಸಿಕ್ಕಿದರೆ ಸಾಲದು, ಯಾರಿಗಾದರೂ ಕೊಡಬೇಕು. ಇಲ್ಲದಿದ್ದರೆ ಹೊಟ್ಟೆಯೊಳಗೆ ತುರಿಸಿದ ಹಾಗೆ. ಅವ್ವನಿಗೆ ಪುರುಸೊತ್ತಿಲ್ಲ. ಕೇಳುತ್ತಿದ್ದವಳು ರತ್ನತ್ತೆ ಒಬ್ಬಳೇ. ಅಪ್ಪಯ್ಯನ ಕೊನೆಯ ತಂಗಿ. ಅಜ್ಜ ಅಜ್ಜಿ ಇಬ್ಬರೂ ಹೋದ ಮೇಲೆ ನಮ್ಮ ಮನೆಯಲ್ಲೇ ಇದ್ದಳು. ಆಗ ಅವಳಿಗೆ ಹತ್ತೊಂಬತ್ತೋ ಇಪ್ಪತ್ತೋ. ಸಂಜೆ ಅವಳು ಒಲೆಯ ಮುಂದೆ ಅಕ್ಕಿ ರೊಟ್ಟಿ ಸುಡುವಾಗ ನಾನು ಪಕ್ಕದಲ್ಲಿ ಕೂತು ಆ ದಿನದ ಹಾಡು ಒಪ್ಪಿಸುತ್ತಿದ್ದೆ.

"ಇವತ್ತಿಂದು ಎಂಥದು ಹೇಳು," ಅನ್ನುತ್ತಿದ್ದಳು.

"ಮೊದಲು ಪೂರ್ತಿ ಕೇಳು ಅತ್ತೆ. ನಡುವೆ ಬಾಯಿ ಹಾಕ್ಬೇಡ."

"ಆಯ್ತು ಮಾರಾಯ್ತಿ, ನೀನು ಹೇಳು, ರೊಟ್ಟಿ ಸೀದ್ರೆ ನಿಮ್ಮವ್ವನ ಹತ್ರ ನೀನೇ ಬೈಸ್ಕೋ."

ಹೇಳುತ್ತಿದ್ದೆ. ಮುಗಿದ ಮೇಲೆ ಅವಳು ರೊಟ್ಟಿ ಮಗುಚಿ ತನ್ನ ತೀರ್ಪು ಕೊಡುತ್ತಿದ್ದಳು. "ಇದು ಮೊನ್ನೆ ಹೇಳಿದ್ದರ ತಂಗಿ." "ಇದು ಪರ್ವಾಗಿಲ್ಲ." "ಇದು ಬೇಡ, ಇದ್ರಲ್ಲಿ ಗಂಟಲು ಕೆರ್ಕೊಳ್ಳೋದು ಬಿಟ್ರೆ ಏನಿಲ್ಲ." ನಾನು ವಾದ ಮಾಡುತ್ತಿದ್ದೆ. ಒಂದು ಸಲ ಸೋಬಾನೆ ಹೆಚ್ಚೋ ತುಳು ಹಾಡು ಹೆಚ್ಚೋ ಎಂದು ನಾವಿಬ್ಬರೂ ಜಗಳ ಮಾಡಿಕೊಂಡು ಮಾತು ಬಿಟ್ಟದ್ದೂ ಉಂಟು. ಅವ್ವ, "ಹೊಟ್ಟೆಗೆ ಹಾಕ್ಕೊಳ್ಳೋದಾ ಅದ್ನ, ಇಬ್ರೂ ಏಳಿ," ಎಂದು ಬೈದು ಎಬ್ಬಿಸಿದ್ದಳು.

ಆ ವರ್ಷ ಕೊಯ್ಲಿನ ನಡುವೆ ನನಗೆ ಒಂದು ಹಾಡು ಸಿಕ್ಕಿತು. ಹಳ್ಳದ ಹತ್ತಿರದ ತಮಿಳರ ಸಾಲಿನಲ್ಲಿ ಪಳನಿಯಮ್ಮ ಎಂಬ ಹೆಂಗಸು, ಗಟ್ಟಿ ಆಳು, ಎಲ್ಲರಿಗಿಂತ ಮೊದಲು ಬುಟ್ಟಿ ತುಂಬುವವಳು. ಹಿಂದಿನ ವರ್ಷಗಳಲ್ಲೆಲ್ಲ ಅವಳು ಹಾಡಿದ್ದೇ ಇಲ್ಲ. ಆ ದಿನ ಅವಳ ಗಿಡದ ಬುಡದಲ್ಲಿ ಹೆಕ್ಕುತ್ತಿದ್ದೆ, ಮೇಲಿಂದ ಸಣ್ಣಗೆ ಶುರುವಾಯಿತು. ಮೇಲಕ್ಕೆ ಹೋಗುತ್ತದೆ, ಅಲ್ಲೇ ನಿಲ್ಲುತ್ತದೆ, ಆಮೇಲೆ ಕೈತಪ್ಪಿದ ಬುಟ್ಟಿಯ ಹಾಗೆ ಉರುಳಿ ಉರುಳಿ ಕೆಳಗೆ ಬರುತ್ತದೆ. ಪ್ರತಿ ಸಲವೂ ಹಾಗೇ, ಪ್ರತಿ ಸಲವೂ ಬೇರೆ. ಅಕ್ಕ ಎನ್ನುವ ಪದ ಮಾತ್ರ ನನಗೆ ತಿಳಿಯಿತು. ಅಕ್ಕ ತಂಗಿಯ ಹಾಡು ಎಲ್ಲ ಭಾಷೆಯಲ್ಲೂ ಇರುತ್ತದೆ, ನಾನು ಹೆಚ್ಚು ಯೋಚಿಸಲಿಲ್ಲ. ಹಣ್ಣು ಹೆಕ್ಕುವುದು ಬಿಟ್ಟು ಕೂತುಬಿಟ್ಟೆ.

ಅವಳು ದಿನಾ ಅದನ್ನೇ ಹೇಳುತ್ತಿದ್ದಳು. ಕೈ ಮಾತ್ರ ನಿಲ್ಲುತ್ತಿರಲಿಲ್ಲ. ಅಪ್ಪಯ್ಯನಿಗೆ ಅವಳ ಮೇಲೆ ಬಹಳ ಮೆಚ್ಚುಗೆ. ಬೇರೆ ಆಳುಗಳಿಗೆ ತೋರಿಸಿ ಹೇಳುತ್ತಿದ್ದ, "ನೋಡ್ರೇ, ಕಲ್ತ್ಕೊಳ್ಳಿ. ಹಾಡು ಹೇಳ್ಕೊಂಡು ಹೆಂಗೆ ಕೆಲಸ ಮಾಡ್ತಾಳೆ ನೋಡಿ. ನಿಮಗೆ ಮುಖ ಗಂಟು ಹಾಕ್ಕೊಳ್ಳೋದೊಂದೇ ಗೊತ್ತು."

ತಮಿಳು ಹೆಂಗಸರು ತಲೆ ತಗ್ಗಿಸುತ್ತಿದ್ದರು. ಮೇಸ್ತ್ರಿ ಬೈದದ್ದಕ್ಕೆ ಎಂದು ನಾನು ತಿಳಿದಿದ್ದೆ.

ಆ ಹಾಡನ್ನು ರತ್ನತ್ತೆಗೆ ಒಪ್ಪಿಸಿದ ಸಂಜೆ ನಾನು ಮೊದಲೇ ಹೇಳಿದ್ದೆ, "ಇದು ಈ ಕೊಯ್ಲಿನ ಹಾಡು ಅತ್ತೆ. ಇದ್ರ ಮೇಲೆ ಇನ್ನೊಂದು ಬರಲ್ಲ." ಅವಳು ಕೇಳಿದಳು. "ಹೂಂ, ಚೆನ್ನಾಗಿದೆ," ಎಂದಳು. ಅಷ್ಟೆ. ನನಗೆ ಸಿಟ್ಟು ಬಂತು. ಅಷ್ಟು ದೊಡ್ಡ ಹಾಡಿಗೆ ಅಷ್ಟು ಸಣ್ಣ ತೀರ್ಪು.

ಸರಿಯಾಗಿ ಆ ಹೊತ್ತಿಗೆ ಆಲ್ದೂರು ಕಡೆಯಿಂದ ಒಂದು ಸಂಬಂಧ ಬಂತು. ಗಂಡಿಗೆ ಒಳ್ಳೆಯ ತೋಟ. ಎರಡನೇ ಮದುವೆ. ಮೊದಲ ಹೆಂಡತಿ ಸತ್ತು ವರ್ಷ ಆಗಿರಲಿಲ್ಲ. ಹೇಗೆ ಸತ್ತಳು ಎಂದು ಕೇಳಿದರೆ ಜ್ವರ ಎಂದು ಒಬ್ಬರು, ಬಾವಿ ಎಂದು ಇನ್ನೊಬ್ಬರು. ರತ್ನತ್ತೆ ಅಪ್ಪಯ್ಯನ ಎದುರು ನಿಂತು ಮಾತಾಡಿದ್ದನ್ನು ನಾನು ನೋಡಿದ್ದು ಅದೇ ಮೊದಲು.

"ಅಣ್ಣ, ನಂಗೆ ಅಲ್ಲಿ ಬೇಡ."

"ಯಾಕೆ ಬೇಡ? ಉಣ್ಣೋಕೆ ಉಡೋಕೆ ಕಡಿಮೆ ಇಲ್ಲ. ಗಂಡಿನ ದೊಡ್ಡಪ್ಪ ಕಳಸದ ಕಡೆ ದೊಡ್ಡ ಎಸ್ಟೇಟಲ್ಲಿ ಲೆಕ್ಕ ಬರೆಯೋ ರೈಟರಾಗಿದ್ದೋರು. ತಮಿಳರ ಲೈನು ಪೂರಾ ಅವರ ಕೈಯಲ್ಲಿತ್ತಂತೆ. ತಮಿಳು ಅಂದ್ರೆ ಅವರಿಗೆ ನೀರು ಕುಡಿದ ಹಂಗೆ. ಅಂಥ ಮನೆತನ."

"ಆ ಹುಡುಗಿ ಹೆಂಗೆ ಸತ್ಲು ಅಂತ ಕೇಳಿದೀಯಾ?"

"ಸತ್ತೋರ ವಿಷಯ ನಿಂಗೆ ಯಾಕೆ? ನಿನ್ನನ್ನ ಇಲ್ಲಿ ಯಾರೂ ಕೇಳಿಲ್ಲ. ಭಾನುವಾರ ನೋಡೋಕೆ ಬರ್ತಾರೆ, ಸೀರೆ ಉಟ್ಕೊಂಡು ಕೂರು, ಸಾಕು."

ಅವ್ವ ಒಳಗಿನಿಂದ, "ಸುಮ್ನಿರು ರತ್ನ, ಹೆಣ್ಣು ಹುಟ್ಟಿದ ಮೇಲೆ ಹೋಗ್ಲೇಬೇಕು," ಎಂದಳು. ರತ್ನತ್ತೆ ಅಳಲಿಲ್ಲ. ಒಲೆಗೆ ಒಂದು ಕೊಳ್ಳಿ ಹೆಚ್ಚು ತುರುಕಿದಳು.

ಮರುದಿನದಿಂದ ಅವಳಿಗೆ ನನ್ನ ಹಾಡಿನ ಮೇಲೆ ಇದ್ದಕ್ಕಿದ್ದಂತೆ ಆಸೆ ಹುಟ್ಟಿತು. "ಪುಟ್ಟಿ, ಆ ಪಳನಿಯಮ್ಮಂದು ಇನ್ನೊಂದ್ಸಲ ಹೇಳು. ಮೊದಲನೇ ಸಾಲು ನಿಧಾನಕ್ಕೆ." ಹೇಳಿದೆ. ಮತ್ತೆ ಹೇಳು ಎಂದಳು. ಅಪ್ಪಯ್ಯನಿಗೆ ಕಾಫಿ ಕೊಡುವ ನೆವದಲ್ಲಿ ಹಣ್ಣು ಅಳೆಯುವ ಜಾಗಕ್ಕೂ ಬಂದಳು. ಗಾಡಿ ಬರುವವರೆಗೆ ಆಳುಗಳು ಬುಟ್ಟಿ ಮುಂದಿಟ್ಟುಕೊಂಡು ಸಾಲಾಗಿ ಕೂರುವ ಹೊತ್ತು ಅದು. ಅವಳು ಹೋಗಿ ಪಳನಿಯಮ್ಮನ ಪಕ್ಕ ಕುಕ್ಕರುಗಾಲಲ್ಲಿ ಕೂತಳು. ಇಬ್ಬರೂ ಏನೋ ಮಾತಾಡಿದರು. ಪಳನಿಯಮ್ಮನಿಗೆ ಹರಕು ಕನ್ನಡ ಬರುತ್ತಿತ್ತು. ಅವಳು ರತ್ನತ್ತೆಯ ಕೈ ಹಿಡಿದುಕೊಂಡು ಬೇಡ ಎನ್ನುವ ಹಾಗೆ ತಲೆ ಆಡಿಸಿದ್ದನ್ನು ನಾನು ದೂರದಿಂದ ನೋಡಿದೆ. ಹಾಡು ಕಲಿಸುವುದಿಲ್ಲ ಅನ್ನುತ್ತಿದ್ದಾಳೆ, ಜಿಪುಣಿ, ಎಂದುಕೊಂಡೆ.

ನನಗಂತೂ ಸಂತೋಷ. ಅತ್ತೆ ನೀರು ಸೇದುವಾಗಲೂ ಅದೇ, ಪಾತ್ರೆ ಬೆಳಗುವಾಗಲೂ ಅದೇ. ಅವಳ ಧ್ವನಿ ಒಳ್ಳೆಯದಿತ್ತು. ನನ್ನ ಬಾಯಲ್ಲಿ ಮುರುಕಾಗಿದ್ದ ಹಾಡು ಅವಳ ಬಾಯಲ್ಲಿ ಸರಿಯಾಗಿ ನಿಂತಿತು.

ಭಾನುವಾರ ಮಧ್ಯಾಹ್ನ ಅವರು ಬಂದರು. ಗಂಡು, ಅವನ ಅಕ್ಕ, ದೊಡ್ಡಪ್ಪ. ಗಂಡಿನ ಮೈಮೇಲೆ ಒಳ್ಳೆಯ ಕೋಟಿತ್ತು, ಮುಖ ನನಗೆ ನೆನಪಿಲ್ಲ. ಅವ್ವ ಹಲಸಿನ ಹಪ್ಪಳ ಕರಿದಿದ್ದಳು, ಉಪ್ಪಿಟ್ಟು, ಬಾಳೆಹಣ್ಣು ಇಟ್ಟಿದ್ದಳು. ತಿಂಡಿ ಮುಗಿದು ರತ್ನತ್ತೆ ಕಾಫಿ ತಂದುಕೊಟ್ಟು ಚಾಪೆಯ ತುದಿಯಲ್ಲಿ ಕೂತಳು. ನಾನು ಅಡುಗೆಮನೆ ಬಾಗಿಲ ಸಂದಿಯಲ್ಲಿದ್ದೆ.

ಗಂಡಿನ ಅಕ್ಕ ಕೇಳಿದರು, "ಹುಡುಗಿಗೆ ಹಾಡು ಹಸೆ ಏನಾದ್ರೂ ಬರುತ್ತಾ?"

ಇದು ಬರುವ ಪ್ರಶ್ನೆ ಎಂದು ಎಲ್ಲರಿಗೂ ಗೊತ್ತಿತ್ತು. ಅವ್ವ ಒಂದು ವಾರದಿಂದ ಅವಳಿಗೆ ಗಣಪತಿಯ ಹಾಡು ಬಾಯಿಪಾಠ ಮಾಡಿಸಿದ್ದಳು. ಅಪ್ಪಯ್ಯ, "ಹೇಳಮ್ಮ," ಎಂದ.

ರತ್ನತ್ತೆ ಗಣಪತಿಯ ಹಾಡು ಹೇಳಲಿಲ್ಲ. ನನ್ನ ಹಾಡು ಹೇಳಿದಳು.

ನಾನು ಬಾಗಿಲ ಸಂದಿಯಲ್ಲಿ ಉಬ್ಬಿಹೋದೆ. ಅದನ್ನು ಈಗ ಮುಚ್ಚಿಡುವುದರಲ್ಲಿ ಏನೂ ಇಲ್ಲ. ಗಿಡದ ಬುಡದಿಂದ ನಾನು ಹೆಕ್ಕಿ ತಂದ ಹಾಡನ್ನು ಕೋಟು ಹಾಕಿದವರ ಎದುರು ಚಾಪೆಯ ಮೇಲೆ ಕೂತು ಹೇಳುತ್ತಿದ್ದಾಳೆ. ಅವ್ವನ ಗಣಪತಿಯನ್ನು ಬಿಟ್ಟು ನನ್ನದನ್ನು ಆರಿಸಿದ್ದಾಳೆ. ಅವಳು ಕಣ್ಣು ಮುಚ್ಚದೆ, ನೇರ ಮುಂದೆ ನೋಡುತ್ತಾ, ಒಂದೇ ಒಂದು ಕಡೆಯೂ ತಪ್ಪದೆ ಹೇಳಿದಳು. ಗಂಡಿನ ಅಕ್ಕ ತಲೆ ತೂಗುತ್ತಿದ್ದರು.

ದೊಡ್ಡಪ್ಪ ಕಾಫಿ ಲೋಟವನ್ನು ಕೆಳಗಿಟ್ಟರು.

"ಸಾಕು ತಾಯಿ," ಎಂದರು. "ಇದನ್ನ ನಿಂಗೆ ಯಾರು ಕಲಿಸಿದ್ರು?"

"ನಮ್ಮ ಪುಟ್ಟಿ," ಎಂದಳು ರತ್ನತ್ತೆ. "ತೋಟದಲ್ಲಿ ಹೇಳ್ತಾರೆ. ದಿನಾ."

ದೊಡ್ಡಪ್ಪ ಅಪ್ಪಯ್ಯನ ಕಡೆ ತಿರುಗಿದರು. ಗಟ್ಟಿಯಾಗಿ ಮಾತಾಡುವ ಮನುಷ್ಯನಲ್ಲ. "ಮೇಸ್ತ್ರಿ, ಇದು ಹೆಣ ಅಂಗಳದಲ್ಲಿಟ್ಕೊಂಡು ಹೆಂಗಸರು ಎದೆ ಬಡ್ಕೊಂಡು ಹೇಳೋ ಹಾಡು. ತಮಿಳರಲ್ಲಿ ಸತ್ತ ಮನೇಲಿ ಬಿಟ್ರೆ ಇದನ್ನ ಬಾಯಲ್ಲಿ ತರಲ್ಲ. ಲೈನಲ್ಲಿ ಎಷ್ಟು ಸಲ ಕೇಳಿದೀನಿ ನಾನು." ಮತ್ತೆ ಹೇಳಿದರು, "ನಿಮ್ಮ ಸಾಲಲ್ಲಿ ಯಾರೋ ಅಳ್ತಿದಾರೆ. ನೀವು ಹಾಡು ಅಂದ್ಕೊಂಡಿದೀರಿ."

ಗಂಡಿನ ಅಕ್ಕ ಎದ್ದೇ ಬಿಟ್ಟರು. "ನಮ್ಮ ಮನೆಯಿಂದ ಒಂದು ಹೆಣ ಹೋಗಿ ವರ್ಷ ತುಂಬಿಲ್ಲ. ಹೆಣ್ಣು ನೋಡೋಕೆ ಬಂದ ಕಡೆ ಇದು ಕೇಳ್ಬೇಕಾ? ಏಳೋ ತಮ್ಮ." ಅಪ್ಪಯ್ಯ ಕೈ ಮುಗಿದ, ತಿಳಿಯದೆ ಆಯಿತು, ಮಕ್ಕಳಾಟ, ಎಂದ. ಅವರು ನಿಲ್ಲಲಿಲ್ಲ. ಹೆಣ್ಣಿನ ಮನೆಯ ಕಾಫಿಯನ್ನು ಅರ್ಧ ಬಿಟ್ಟು ಎದ್ದರೆ ಆ ಸಂಬಂಧ ಮುಗಿಯಿತು ಎಂದೇ ನಮ್ಮಲ್ಲಿ ಲೆಕ್ಕ.

ಅವರು ಗೇಟು ದಾಟಿದ ಮೇಲೆ ರತ್ನತ್ತೆ ಲೋಟಗಳನ್ನು ಒಳಗೆ ತಂದಳು. ತನಗೆಂದು ಒಲೆಯ ಪಕ್ಕ ಇಟ್ಟಿದ್ದ ಆರಿದ ಕಾಫಿಯನ್ನು ನಿಂತಲ್ಲೇ ಒಂದೇ ಉಸಿರಿಗೆ ಕುಡಿದಳು.

ಅಪ್ಪಯ್ಯ ಕಾಫಿ ಗಿಡದ ಬರಲಿನಿಂದ ನನಗೆ ಹೊಡೆದ. ಬೆನ್ನು, ತೊಡೆ, ಕೈ. "ಕಂಡ ಕಂಡವರ ಹಾಡು ಮನೆಗೆ ತರ್ತೀಯಾ, ತರ್ತೀಯಾ," ಎಂದು ಕೇಳಿ ಕೇಳಿ ಹೊಡೆದ. ಅವ್ವ ಬಿಡಿಸಲಿಲ್ಲ. ರತ್ನತ್ತೆ ಅಡುಗೆಮನೆಯಲ್ಲೇ ಇದ್ದಳು, ಹೊರಗೆ ಬರಲಿಲ್ಲ. ಮೊದಲ ಕೆಲವು ಪೆಟ್ಟಿಗೆ ನಾನು ಕೂಗಿದೆ. ಆಮೇಲೆ ಚರ್ಮ ಮರಗಟ್ಟಿತು, ಬೇರೆ ಯಾರಿಗೋ ಹೊಡೆಯುತ್ತಿದ್ದಾನೆ ಅನ್ನಿಸಿತು. ಅವ್ವ ಅರಿಸಿನ ಹಚ್ಚುವಾಗಲೂ ಉರಿ ಗೊತ್ತಾಗಲಿಲ್ಲ.

ಮರುದಿನ ಬೆಳಿಗ್ಗೆ ಆಳುಗಳನ್ನು ಸಾಲಿಗೆ ಹಚ್ಚುವ ಮೊದಲು ಅಪ್ಪಯ್ಯ ಕೂಗಿ ಹೇಳಿದ, "ಇನ್ನು ಮೇಲೆ ಸಾಲಲ್ಲಿ ಯಾರೂ ಹಾಡು ಹೇಳೋ ಹಂಗಿಲ್ಲ. ಯಾವ ಭಾಷೇದೂ ಬೇಡ." ಪಳನಿಯಮ್ಮ ಸೆರಗು ಬಿಗಿದುಕೊಂಡು ಹಳ್ಳದ ಕಡೆ ನಡೆದಳು. ಆ ಕೊಯ್ಲು ಮುಗಿಯುವವರೆಗೆ ತೋಟದಲ್ಲಿ ಬುಟ್ಟಿಗೆ ಹಣ್ಣು ಬೀಳುವ ಸದ್ದು, ಅಪ್ಪಯ್ಯನ ಕೂಗು, ಅಷ್ಟೇ ಕೇಳಿದ್ದು. ಮಧ್ಯಾಹ್ನ ನಾನು ಕುಂಟೆಬಿಲ್ಲೆ ಆಡಿದೆ. ಚೆನ್ನಾಗಿಯೇ ಆಡಿದೆ. ಮುಂದಿನ ಕೊಯ್ಲಿಗೆ ಪಳನಿಯಮ್ಮ ಬರಲಿಲ್ಲ.

ರತ್ನತ್ತೆಗೆ ಒಂದೂವರೆ ವರ್ಷ ಕಳೆದ ಮೇಲೆ ಬೇರೆ ಕಡೆ ಮದುವೆ ಆಯಿತು. ಲಾರಿ ಡ್ರೈವರು, ಒಳ್ಳೆಯ ಮನುಷ್ಯ, ಮುಂದೆ ಕುದುರೆಮುಖದ ಗಣಿ ಕಂಪನಿಯಲ್ಲಿ ಕೆಲಸ ಸಿಕ್ಕಿತು. ಮದುವೆಯ ಹಿಂದಿನ ದಿನ ಅವಳು ಕೈಗೆ ಗೋರಂಟಿ ಮೆತ್ತಿಸಿಕೊಂಡು ಕೂತಿದ್ದಳು. ಕೈ ಎರಡೂ ಆಡದ ಕಾರಣ ನಾನು ಅವಳಿಗೆ ತುತ್ತು ತಿನ್ನಿಸುತ್ತಿದ್ದೆ. ಆಗ ಹೇಳಿದಳು.

"ಪುಟ್ಟಿ, ಆ ಹಾಡು ಎಂಥದ್ದು ಅಂತ ನಂಗೆ ಮೊದ್ಲೇ ಗೊತ್ತಿತ್ತು."

"ಯಾವ ಹಾಡು?" ಎಂದೆ. ಗೊತ್ತಿದ್ದೂ ಕೇಳಿದೆ.

"ನೀನು ಹೇಳಿದಾಗ್ಲೇ ಅಳು ಅನ್ನಿಸಿತ್ತು, ಪಳನಿಯಮ್ಮನ್ನ ಕೇಳಿದ್ದೆ. ಅವಳ ಅಕ್ಕ ಊರಲ್ಲಿ ಸತ್ತಿದ್ಲಂತೆ. ಸಾಕಿ ಬೆಳೆಸಿದ ಅಕ್ಕ. ನಮ್ಮಣ್ಣ ರಜ ಕೊಡ್ಲಿಲ್ಲ, ಕೊಯ್ಲು ಮುಗೀಲಿ ಅಂದ. ಅದಕ್ಕೇ ಅವಳು ಸಾಲಲ್ಲೇ ನಿಂತು ಹೇಳ್ತಿದ್ಲು. ನೀನು ಹೇಳ್ಬೇಡ ತಾಯಿ, ಮದುವೆ ಆಗೋಳು, ಒಳ್ಳೇದಲ್ಲ ಅಂದ್ಲು. ನಂಗೆ ಒಳ್ಳೇದಲ್ದೇ ಇರೋದೇ ಬೇಕಿತ್ತು."

"ಮತ್ತೆ ಅಪ್ಪಯ್ಯ ಹೊಡೆಯೋವಾಗ ಯಾಕೆ ಹೊರಗೆ ಬರ್ಲಿಲ್ಲ?"

"ಬಂದಿದ್ರೆ ಬೇಕಂತ್ಲೇ ಮಾಡಿದ್ದು ಅಂತ ಗೊತ್ತಾಗ್ತಿತ್ತು. ಅವರ ಕಾಲು ಹಿಡಿದಾದ್ರೂ ನನ್ನ ಅಲ್ಲಿಗೇ ಕಳಿಸ್ತಿದ್ದ ಅಣ್ಣ. ನಿಂಗೆ ನಾಲ್ಕು ಪೆಟ್ಟು. ನಂಗೆ ಒಂದು ಜನ್ಮ."

ಅವಳು ಹೇಳಿದ್ದು ಸರಿ. ನಾನು ಅವಳ ಜಾಗದಲ್ಲಿದ್ದರೆ ನಾನೂ ಅಡುಗೆಮನೆಯಲ್ಲೇ ಇರುತ್ತಿದ್ದೆ. ಸಿಟ್ಟು ಬರಲಿಲ್ಲ. ಇನ್ನೊಂದು ತುತ್ತು ಕಲಸಿ ಬಾಯಿಗಿಟ್ಟೆ.

"ಹಾಡು ಚೆನ್ನಾಗಿತ್ತು ಅಲ್ವಾ ಅತ್ತೆ?" ಎಂದು ಕೇಳಿದೆ. ನನಗೆ ಬೇಕಾಗಿದ್ದದ್ದು ಅದೊಂದೇ.

ಅವಳು ಅಗಿದು ನುಂಗಿ ಹೇಳಿದಳು, "ಎಂಥದೋ ಮಾರಾಯ್ತಿ. ಆವಾಗ ಹಾಡು ಕೇಳೋ ಜೀವ ಎಲ್ಲಿತ್ತು ನಂಗೆ."

ಆ ಮೇಲೆ ನಾನು ಯಾರಿಗೂ ಹಾಡು ಒಪ್ಪಿಸಲಿಲ್ಲ. ಪಣ ತೊಟ್ಟು ಬಿಟ್ಟದ್ದಲ್ಲ, ಹೇಳಬೇಕು ಎನ್ನುವ ತುರಿಕೆ ಏಳಲೇ ಇಲ್ಲ. ನನಗೂ ಮದುವೆ ಆಯಿತು, ಮಕ್ಕಳಾದವು. ರತ್ನತ್ತೆ ಕುದುರೆಮುಖದಲ್ಲಿ ಸುಖವಾಗಿಯೇ ಸಂಸಾರ ಮಾಡಿದಳು, ಗಣಿ ನಿಂತ ಮೇಲೆ ಮೂಡಿಗೆರೆಗೆ ಬಂದು ಮಗಳ ಮನೆಯಲ್ಲಿದ್ದಳು. ಹೋದಾಗಲೆಲ್ಲ ಮೊಮ್ಮಕ್ಕಳ ವಿಷಯ, ಮಂಡಿ ನೋವಿನ ವಿಷಯ ಮಾತಾಡಿದ್ದೇವೆ. ಹಾಡಿನ ಮಾತು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಅವಳು ಸತ್ತು ನಾಲ್ಕೈದು ವರ್ಷ ಆಯಿತು. ಮಣ್ಣಿಗೆ ಹೋಗಿದ್ದೆ. ಕಣ್ಣಲ್ಲಿ ನೀರು ಬರಲಿಲ್ಲ, ಬರಿಸಿಕೊಳ್ಳಲೂ ಹೋಗಲಿಲ್ಲ.

ಮೊಮ್ಮಗಳು ನನ್ನ ಹಾಗೇ ಹಾಡಿನ ಹುಚ್ಚಿ. ಫೋನಿಗೆ ಹಾಡು ಕಳಿಸುತ್ತಾಳೆ. ಯಾವ ದೇಶದ್ದೋ, ಯಾವ ಭಾಷೆಯದೋ, ಕೆಳಗೆ ಅರ್ಥವೂ ಬಂದಿರುತ್ತದೆ. "ಅಜ್ಜಿ, ಕೇಳಿದ್ಯಾ? ಹೆಂಗಿದೆ?" ಎಂದು ಮತ್ತೆ ಫೋನು ಮಾಡುತ್ತಾಳೆ. ಚೆನ್ನಾಗಿದೆ ಅನ್ನುತ್ತೇನೆ. ಅವಳಿಗೆ ಸಾಲದು, ವಾದ ಬೇಕು. ನನ್ನ ಹತ್ತಿರ ವಾದ ಉಳಿದಿಲ್ಲ.

ಕಳೆದ ಕೊಯ್ಲಿಗೆ ನನ್ನ ಗಂಡನ ಮನೆಯ ತೋಟಕ್ಕೆ ಅಸ್ಸಾಮಿನವರು ಬಂದಿದ್ದರು. ಈಗ ಎಲ್ಲ ಕಡೆ ಅವರೇ. ಒಬ್ಬೊಬ್ಬರ ಕಿವಿಯಲ್ಲಿ ಒಂದೊಂದು ಹಾಡು, ಹೊರಗೆ ಏನೂ ಕೇಳಿಸುವುದಿಲ್ಲ. ಒಬ್ಬಳು ಮಾತ್ರ, ಎಳೆ ಹುಡುಗಿ, ಕಿವಿಗೆ ಏನೂ ಹಾಕಿಕೊಳ್ಳದೆ ಸಣ್ಣಗೆ ಗುನುಗುತ್ತಿದ್ದಳು. ನಾನು ಹೋಗಿ ಅವಳ ಹತ್ತಿರ ನಿಂತೆ. ಮಗನನ್ನು ಕರೆದೆ.

"ಇವಳ ಊರಲ್ಲಿ ಯಾರಾದ್ರೂ ತೀರ್ಕೊಂಡಿದಾರಾ ಕೇಳು."

"ಯಾಕಮ್ಮ?"

"ಕೇಳು. ಹಂಗೇನಾದ್ರೂ ಇದ್ರೆ ಇವತ್ತೇ ದುಡ್ಡು ಕೊಟ್ಟು ಊರಿಗೆ ಕಳಿಸು."

ಮಗ ತನಗೆ ಬಂದ ಹಿಂದಿಯಲ್ಲಿ ಕೇಳಿದ. ಹುಡುಗಿ ನಕ್ಕಳು, ಕೈಯಾಡಿಸಿ ಏನೋ ಹೇಳಿದಳು.

"ಎಲ್ಲ ಚೆನ್ನಾಗಿದಾರಂತೆ. ಅವಳ ತಂಗಿಗೆ ಮದುವೆ ಗೊತ್ತಾಗಿದೆಯಂತೆ, ಅದರ ಹಾಡಂತೆ," ಎಂದ ಮಗ. "ಚೆನ್ನಾಗಿ ಹೇಳ್ತಾಳೆ, ಅಲ್ವಾ ಅಮ್ಮ?"

"ಗೊತ್ತಿಲ್ಲ ಮಾರಾಯ. ನಾನು ಕೇಳಿಸ್ಕೊಳ್ಳಲಿಲ್ಲ," ಎಂದೆ.

ಅಷ್ಟು ಹತ್ತಿರ ನಿಂತಿದ್ದೆ. ಯಾರು ಸತ್ತಿದ್ದಾರೆ ಎಂದು ಅವಳು ಹೇಳುವುದನ್ನೇ ಕಾಯುತ್ತಿದ್ದೆ.